ಯಾನಂ: ಗಡಿಯೇ ಬಂಡವಾಳವಾದ ಊರು

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಓಡುವ ರೈಲುಗಳು ಸಾಮರ್ಲಕೋಟೆ, ರಾಜಮಹೇಂದ್ರಿಗಳನ್ನು ಹಾದು ಗೋದಾವರಿಯ ಉದ್ದನೆಯ ಸೇತುವೆ ದಾಟಿ ಹೊರಟುಹೋಗುತ್ತವೆ. ನದಿ ಮಾತ್ರ ಅಲ್ಲಿಂದ ಸ್ವಲ್ಪ ಕೆಳಗೆ, ಧವಳೇಶ್ವರದ ಅಣೆಕಟ್ಟು ಕಳೆದ ಮೇಲೆ, ಕವಲೊಡೆಯುತ್ತದೆ. ಗೌತಮಿ ಎನ್ನುವ ಪೂರ್ವದ ಕವಲಿನ ಜಾಡು ಹಿಡಿದು ಸಮುದ್ರದತ್ತ ಹೋದರೆ ಕಾಕಿನಾಡದಿಂದ ಸುಮಾರು ಮೂವತ್ತು ಕಿ.ಮೀ. ದೂರದಲ್ಲಿ, ಎಡದಂಡೆಯ ಮೇಲೆ, ಯಾನಂ ಸಿಗುತ್ತದೆ. ವಿಸ್ತೀರ್ಣ ಹೆಚ್ಚುಕಡಿಮೆ 30 ಚದರ ಕಿ.ಮೀ.; 2011ರ ಜನಗಣತಿಯಲ್ಲಿ ಐವತ್ತೈದು ಸಾವಿರ ಜನ. ಸುತ್ತ ಎಲ್ಲ ಕಡೆಯೂ ಆಂಧ್ರಪ್ರದೇಶ. ಜನ ಆಡುವುದು ತೆಲುಗು. ಪೊಲೀಸರ ತಲೆಯ ಮೇಲೆ ಮಾತ್ರ ಕೆಂಪು ಫ್ರೆಂಚ್ ಟೊಪ್ಪಿ, ಗಾಡಿಗಳ ಮೇಲೆ ಪಿವೈ 04 ಎಂಬ ನಂಬರು, ಆಡಳಿತ ಎಂಟುನೂರು ಕಿ.ಮೀ.ಗೂ ಆಚೆಯ ಪುದುಚೇರಿಯದು.

ಫ್ರೆಂಚರ ಭಾರತವೆಂದರೆ ನಮಗೆ ಪುದುಚೇರಿ ನೆನಪಾಗುತ್ತದೆ, ಹೆಚ್ಚೆಂದರೆ ಮಲಬಾರಿನ ಮಾಹೆ. ಯಾನಂ ಆ ಪಟ್ಟಿಯ ಕೊನೆಯ ಹೆಸರು. ಅದರ ಚರಿತ್ರೆ ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಈ ಊರಿನಲ್ಲಿ ಬಂಗಾರದ ಗಣಿ ಇರಲಿಲ್ಲ, ಬಂದರೂ ಅಷ್ಟಕ್ಕಷ್ಟೆ, ಕೋಟೆಯಂತೂ ಕಟ್ಟಕೂಡದೆಂಬ ಕರಾರಿತ್ತು. ಇದ್ದದ್ದು ಒಂದು ಗಡಿ. ಅದನ್ನೇ ಬಂಡವಾಳ ಮಾಡಿಕೊಂಡು ಊರು ಬದುಕಿತು.

ಫ್ರೆಂಚರನ್ನು ಇಲ್ಲಿಗೆ ಕರೆತಂದದ್ದು ಬಟ್ಟೆ. ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಗೋದಾವರಿ ಮುಖಜ ಭೂಮಿಯ ಹಳ್ಳಿಹಳ್ಳಿಯಲ್ಲೂ ಮಗ್ಗಗಳಿದ್ದವು. ನೇಕಾರನಿಗೆ ಮುಂಗಡ ಕೊಟ್ಟು, ನೇಯ್ದ ಥಾನುಗಳನ್ನು ದಲ್ಲಾಳಿಗಳ ಕೈಯಲ್ಲಿ ತರಿಸಿ, ಅಗಸರಿಂದ ಒಗೆಸಿ, ಅಳೆದು, ಮೂಟೆ ಕಟ್ಟಿ ದೋಣಿಗೇರಿಸಿದರೆ ನದಿಯೇ ಅದನ್ನು ಕಡಲಿಗೆ ಮುಟ್ಟಿಸುತ್ತಿತ್ತು. ಈ ವ್ಯಾಪಾರಕ್ಕಾಗಿ ಡಚ್ಚರು ಪಾಲಕೊಲ್ಲು, ಜಗನ್ನಾಥಪುರಗಳಲ್ಲಿ ಕೋಠಿ ಹಾಕಿದ್ದರು. ಇಂಗ್ಲಿಷರು ಮಾಧವಾಯಪಾಲೆಂ, ಬಂಡಮೂರ್ಲಂಕ, ಇಂಜರಂಗಳಲ್ಲಿ ಕೂತಿದ್ದರು. ಇಂಜರಂ ಯಾನಂಗೆ ಕೂಗಳತೆ ಅಲ್ಲದಿದ್ದರೂ ನಡೆದು ಹೋಗುವಷ್ಟು ಹತ್ತಿರ. ತಡವಾಗಿ ಬಂದ ಫ್ರೆಂಚರು 1723ರಲ್ಲಿ ಯಾನಂನಲ್ಲಿ ಕೋಠಿ ತೆರೆದರು, ವ್ಯಾಪಾರ ಗಿಟ್ಟಲಿಲ್ಲವೆಂದು 1727ರಲ್ಲಿ ಮುಚ್ಚಿದರು, 1731ರಲ್ಲಿ ಮತ್ತೆ ತೆರೆದರು. ಹುಟ್ಟುವಾಗಲೇ ಊರಿನ ಹಣೆಬರಹ ಹೀಗೆ ಮುಚ್ಚುವುದು, ತೆರೆಯುವುದು ಎಂದು ಬರೆದಂತಿತ್ತು.

ಇಪ್ಪತ್ತು ವರ್ಷಗಳಲ್ಲಿ ಸನ್ನಿವೇಶ ಪೂರಾ ಬದಲಾಯಿತು. 1742ರಲ್ಲಿ ಪುದುಚೇರಿಯ ಗವರ್ನರ್ ಆದ ಡ್ಯೂಪ್ಲೆ, ವ್ಯಾಪಾರಕ್ಕಿಂತ ರಾಜಕಾರಣದಲ್ಲಿ ಲಾಭ ಜಾಸ್ತಿ ಎಂದು ಕಂಡುಕೊಂಡ. ಅವನ ಸೇನಾನಿ ಬುಸ್ಸಿ ಹೈದರಾಬಾದಿನ ಸಲಾಬತ್ ಜಂಗ್‌ನನ್ನು ಗಾದಿಯ ಮೇಲೆ ನಿಲ್ಲಿಸಿದ. ಹಾಗೆ ನಿಲ್ಲಿಸಿದ ಪಡೆಗೆ ಸಂಬಳ ಬೇಕಲ್ಲ? 1753ರಲ್ಲಿ ನಾಲ್ಕು ಉತ್ತರ ಸರ್ಕಾರ್‌ಗಳ (ಎಂದರೆ ಪ್ರಾಂತ್ಯಗಳ) ಕಂದಾಯ ಬುಸ್ಸಿಯ ಕೈಗೆ ಬಂತು: ಇಂದಿನ ವಿಜಯವಾಡದ ಪಕ್ಕದ ಕೊಂಡಪಲ್ಲಿಯನ್ನು ಕೇಂದ್ರವಾಗಿಟ್ಟುಕೊಂಡ ಮುಸ್ತಫಾನಗರ, ಏಲೂರು, ರಾಜಮಹೇಂದ್ರಿ, ಶ್ರೀಕಾಕುಳ. ಮಚಲಿಪಟ್ಟಣವೂ ಅಷ್ಟರಲ್ಲಿ ಅವರದಾಗಿತ್ತು. ಕೃಷ್ಣೆಯ ದಂಡೆಯಿಂದ ವಿಶಾಖಪಟ್ಟಣದ ಆಚೆಯವರೆಗೆ ಇಡೀ ಕರಾವಳಿ ಕೆಲಕಾಲ ಫ್ರೆಂಚರ ಲೆಕ್ಕದಲ್ಲಿತ್ತು. ಯಾನಂ ಒಂದು ಸಾಮ್ರಾಜ್ಯದ ಒಳಗಿನ ಊರಾಗಿದ್ದದ್ದು ಆ ಐದಾರು ವರ್ಷ ಮಾತ್ರ.

ಅದು ಕೈತಪ್ಪಿದ ಬಗೆ ಬೊಬ್ಬಿಲಿಯಿಂದ ಶುರುವಾಗುತ್ತದೆ. ವಿಜಯನಗರಂನ ಪೂಸಪಾಟಿ ವಿಜಯರಾಮರಾಜು ಬುಸ್ಸಿಯ ಆಪ್ತ. ಪಕ್ಕದ ಬೊಬ್ಬಿಲಿ ವೆಲಮ ದೊರೆಗಳು ಅವನ ಹಗೆಗಳು. ಬೊಬ್ಬಿಲಿ ತನಗೂ ಅವಿಧೇಯ ಎಂದು ಬುಸ್ಸಿಯನ್ನು ನಂಬಿಸಲಾಯಿತು. 1757ರ ಜನವರಿ 24ರಂದು ಫ್ರೆಂಚ್ ಫಿರಂಗಿಗಳು ಮಣ್ಣಿನ ಕೋಟೆಯ ಮೇಲೆ ಬೆಂಕಿ ಉಗುಳಿದವು. ಸೋಲು ಖಚಿತವಾದಾಗ ಒಳಗಿದ್ದವರು ಹೆಂಡಿರು ಮಕ್ಕಳನ್ನು ತಾವೇ ಕೊಂದು, ಕತ್ತಿ ಹಿಡಿದು ಹೊರಬಿದ್ದು ಸತ್ತರು. ಕೆಲವು ರಾತ್ರಿ ಕಳೆಯುವಷ್ಟರಲ್ಲಿ ತಾಂಡ್ರ ಪಾಪಾರಾಯುಡು ವಿಜಯರಾಮರಾಜುವಿನ ಡೇರೆಯೊಳಗೆ ನುಗ್ಗಿ ಅವನನ್ನು ಇರಿದು ಕೊಂದ. ಈ ಕಥೆಯನ್ನು ತೆಲುಗರು ಇಂದಿಗೂ ಬುರ್ರಕಥೆಯಲ್ಲಿ ಹಾಡುತ್ತಾರೆ, ಸಿನಿಮಾ ಮಾಡಿದ್ದಾರೆ. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇದ್ದ ಹಾಗೆ.

ಬುಸ್ಸಿ ಗೆದ್ದ. ಅದೇ ವರ್ಷದ ಜೂನ್‌ನಲ್ಲಿ ವಿಶಾಖಪಟ್ಟಣದ ಇಂಗ್ಲಿಷ್ ಕೋಠಿಯನ್ನೂ ಹಿಡಿದ. ಆದರೆ ಅವನಿಗೆ ಆಪ್ತನಾಗಿದ್ದ ರಾಜ ಸತ್ತಿದ್ದ, ಹೊಸ ರಾಜ ಆನಂದರಾಜುವಿಗೆ ಫ್ರೆಂಚರ ಮೇಲೆ ಅಸಮಾಧಾನ. 1758ರಲ್ಲಿ ಪುದುಚೇರಿಗೆ ಬಂದಿಳಿದ ಸೇನಾಧಿಪತಿ ಲಾಲಿ, ಮದರಾಸನ್ನು ಮುತ್ತುವ ಹುರುಪಿನಲ್ಲಿ ಬುಸ್ಸಿಯನ್ನು ಉತ್ತರದಿಂದ ವಾಪಸು ಕರೆಸಿಕೊಂಡ. ಆನಂದರಾಜು ಕಾಯಲಿಲ್ಲ. ವಿಶಾಖಪಟ್ಟಣವನ್ನು ಫ್ರೆಂಚರಿಂದ ಕಿತ್ತುಕೊಂಡು, ಬನ್ನಿ ಎಂದು ಕಲ್ಕತ್ತೆಯ ಕ್ಲೈವ್‌ಗೆ ಹೇಳಿಕಳಿಸಿದ. ಕ್ಲೈವ್ ಕರ್ನಲ್ ಫೋರ್ಡ್‌ನನ್ನು ಕಳಿಸಿದ. ಡಿಸೆಂಬರಿನಲ್ಲಿ ಪಿಠಾಪುರದ ಹತ್ತಿರ ಚಂದುರ್ತಿಯಲ್ಲಿ ಫ್ರೆಂಚ್ ಸೇನಾಪತಿ ಕಾನ್‌ಫ್ಲಾನ್ ಸೋತು ಓಡಿದ.

ಮುಂದಿನದು ಇನ್ನೂ ವಿಚಿತ್ರ. ಫೋರ್ಡ್ ಮಚಲಿಪಟ್ಟಣವನ್ನು ಮುತ್ತಿದಾಗ ಅವನ ಸಿಪಾಯಿಗಳಿಗೆ ಸಂಬಳ ಬಾಕಿ, ಮದ್ದು ಮುಗಿಯುತ್ತ ಬಂದಿತ್ತು, ಬೆನ್ನ ಹಿಂದೆ ಸಲಾಬತ್ ಜಂಗ್‌ನ ದೊಡ್ಡ ದಂಡು ಬರುತ್ತಿತ್ತು. ಹಿಂದಕ್ಕೆ ಹೋಗಲು ದಾರಿಯಿಲ್ಲದವನು 1759ರ ಏಪ್ರಿಲ್ 7ರ ರಾತ್ರಿ ಕೋಟೆಯ ಮೇಲೆ ಬಿದ್ದ. ಒಂದು ತುಕಡಿ, ಯಾರೂ ಬರಲಾರರೆಂದು ನಂಬಿದ್ದ ಕೆಸರಿನ ಕಡೆಯಿಂದ ಬಂತು. ಬೆಳಗಾಗುವಷ್ಟರಲ್ಲಿ ಶರಣಾದವರ ಸಂಖ್ಯೆ ಗೆದ್ದವರಿಗಿಂತ ಹೆಚ್ಚಾಗಿತ್ತು. ಸಲಾಬತ್ ಜಂಗ್ ಪಕ್ಷ ಬದಲಿಸಿದ. ಯಾನಂ ಆ ವರ್ಷವೇ ಇಂಗ್ಲಿಷರ ಕೈಸೇರಿತು. ಯಾರೂ ಅದಕ್ಕಾಗಿ ಬೇರೆ ಯುದ್ಧ ಮಾಡಬೇಕಾಗಲಿಲ್ಲ.

ಇದಕ್ಕೆಲ್ಲ ಯಾರು ಹೊಣೆ ಎಂಬ ವಾದ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಮ್ಯಾಲಿಸನ್‌ನಂಥ ಇತಿಹಾಸಕಾರರು ಬುಸ್ಸಿಯನ್ನು ಹೊಗಳಿ ಲಾಲಿಯ ಮೂರ್ಖತನವನ್ನು ದೂರಿದರು. ಈಚಿನವರು ಬೊಟ್ಟು ಮಾಡುವುದು ಬೇರೆ ಕಡೆಗೆ: ಬಂಗಾಳದ ಹಣ ಮತ್ತು ಸಮುದ್ರದ ಮೇಲಿನ ಹಿಡಿತ ಎರಡೂ ಇಂಗ್ಲಿಷರಲ್ಲಿದ್ದಾಗ ಬುಸ್ಸಿ ಇದ್ದಿದ್ದರೂ ಎಷ್ಟು ದಿನ ತಡೆಯುತ್ತಿದ್ದ ಎಂದು. ನನಗೂ ಎರಡನೆಯದೇ ಸರಿ ಕಾಣುತ್ತದೆ. ಆದರೆ ಬೊಬ್ಬಿಲಿಯನ್ನು ಬಿಟ್ಟು ಈ ಲೆಕ್ಕ ಹಾಕಲಾಗದು. ಸ್ಥಳೀಯ ದೊರೆಯ ಹಗೆಗೆ ಫಿರಂಗಿ ಸಾಲ ಕೊಟ್ಟವನು, ಆ ದೊರೆ ಹೋದ ದಿನ ಒಂಟಿಯಾದ.

ಅಲ್ಲಿಂದ ಮುಂದೆ ಅರ್ಧ ಶತಮಾನ ಯಾನಂನ ಬಾವುಟವನ್ನು ತೀರ್ಮಾನಿಸಿದ್ದು ಯುರೋಪಿನ ಸಂಧಿಗಳು. 1763ರ ಪ್ಯಾರಿಸ್ ಒಪ್ಪಂದದ ಮೇರೆಗೆ ಊರು ಫ್ರಾನ್ಸಿಗೆ ಮರಳಿತು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಫ್ರಾನ್ಸ್ ಕೈಹಾಕಿದ್ದಕ್ಕೆ 1778ರಲ್ಲಿ ಇಂಗ್ಲಿಷರು ಮತ್ತೆ ಹಿಡಿದರು. ಇದೇ ಅಲೆಯಲ್ಲಿ 1779ರಲ್ಲಿ ಅವರು ಮಾಹೆಯನ್ನೂ ಹಿಡಿದದ್ದು ಹೈದರಾಲಿಯನ್ನು ಕೆರಳಿಸಿ ಎರಡನೇ ಮೈಸೂರು ಯುದ್ಧಕ್ಕೆ ನೆಪವಾಯಿತು. ಮಾಹೆಯ ಮೂಲಕ ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿತ್ತು. ಯಾನಂನಿಂದ ಯಾರಿಗೂ ಏನೂ ಬರುತ್ತಿರಲಿಲ್ಲ, ಹಾಗಾಗಿ ಅದರ ಪರವಾಗಿ ಯಾರೂ ಕತ್ತಿ ಎತ್ತಲಿಲ್ಲ. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಯನ್ನು ಮುತ್ತಿದ್ದಾಗ ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದು, ಜೊತೆಗಿದ್ದ ಫ್ರೆಂಚ್ ಪಡೆ ನಡುವೆಯೇ ಕೈಬಿಟ್ಟಿತಲ್ಲ, ಆ ವರ್ಸೇಲ್ಸ್ ಸಂಧಿಯೇ ಯಾನಂ ಅನ್ನು ಫ್ರಾನ್ಸಿಗೆ ವಾಪಸು ಕೊಡಿಸಿದ್ದು. ಮೈಸೂರಿಗೆ ಪೆಟ್ಟಾದ ಸಂಧಿ ಗೋದಾವರಿ ದಡದ ಈ ಊರಿಗೆ ವರವಾಯಿತು.

1793ರಲ್ಲಿ, ಫ್ರೆಂಚ್ ಕ್ರಾಂತಿಯ ಯುದ್ಧ ಶುರುವಾದಾಗ, ಮತ್ತೆ ಹೋಯಿತು. 1802ರ ಅಮಿಯಾಂ ಸಂಧಿಯಲ್ಲಿ ಕಾಗದದ ಮೇಲೆ ಬಂತು, ಮರುವರ್ಷ ಯುದ್ಧ ಕೆದರಿಕೊಂಡು ಅದೂ ಹೋಯಿತು. 1804ರ ಸೆಪ್ಟೆಂಬರ್ 15ರಂದು ಫ್ರೆಂಚ್ ನೌಕಾಧಿಪತಿ ಲಿನ್ವಾ ಮೂರು ಯುದ್ಧನೌಕೆಗಳೊಂದಿಗೆ ವಿಶಾಖಪಟ್ಟಣದ ಎದುರು ಕಾಣಿಸಿಕೊಂಡು, ಅಲ್ಲಿ ಲಂಗರು ಹಾಕಿದ್ದ ಬ್ರಿಟಿಷ್ ನೌಕೆ ಸೆಂಚೂರಿಯನ್ ಮೇಲೆ ಗುಂಡು ಹಾರಿಸಿದ. ಒಂದು ವ್ಯಾಪಾರಿ ಹಡಗನ್ನು ಎಳೆದುಕೊಂಡು ಹೋದದ್ದಷ್ಟೇ ಅವನ ಲಾಭ. ನೆಪೋಲಿಯನ್ ಸೋತ ಮೇಲೆ 1814ರ ಒಪ್ಪಂದದಲ್ಲಿ ಬ್ರಿಟನ್ನು ಈ ಊರುಗಳನ್ನು ಕೊನೆಯ ಬಾರಿಗೆ ಹಿಂದಿರುಗಿಸಿತು. ಷರತ್ತು ಖಡಕ್ಕಾಗಿತ್ತು: ಕೋಟೆ ಕಟ್ಟಕೂಡದು, ಪೊಲೀಸ್ ಕೆಲಸಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚು ಸೈನಿಕರನ್ನು ಇಡಕೂಡದು. 1815ರಲ್ಲಿ ಇನ್ನೊಂದು ಕರಾರಾಗಿ, ಫ್ರೆಂಚ್ ಊರುಗಳ ಉಪ್ಪಿನ ಮೇಲಿನ ಹಕ್ಕು ಇಂಗ್ಲಿಷ್ ಕಂಪನಿಗೆ ಹೋಯಿತು. ಬದಲಿಗೆ ವರ್ಷಕ್ಕೆ ನಾಲ್ಕು ಲಕ್ಷ ಸಿಕ್ಕಾ ರೂಪಾಯಿ. ಬ್ರಿಟಿಷರು ಉಳಿಸಿಕೊಟ್ಟದ್ದು ಉದಾರತೆಯಿಂದಲ್ಲ. ಹಲ್ಲು ಕಿತ್ತ ಮೇಲೆ ಇದ್ದರೇನು, ಬಿಟ್ಟರೇನು ಎಂಬ ಲೆಕ್ಕ.

ಅಷ್ಟರಲ್ಲಿ ಬಟ್ಟೆಯ ವ್ಯಾಪಾರವೂ ಮ್ಯಾಂಚೆಸ್ಟರಿನ ಗಿರಣಿಗಳ ಎದುರು ಕುಸಿಯುತ್ತಿತ್ತು. ಊರು ಕಳಿಸಲು ಶುರುಮಾಡಿದ ಮುಂದಿನ ಸರಕು ಮನುಷ್ಯರು. ಗೋದಾವರಿ ಮುಖದಿಂದ ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳಿಗೆ ಗುಲಾಮರನ್ನು ಸಾಗಿಸುವ ಕಳ್ಳದಂಧೆ ಹದಿನೆಂಟನೇ ಶತಮಾನದ ಕೊನೆಯಲ್ಲೇ ಇತ್ತು. ಕಬ್ಬಿನ ತೋಟಗಳ ರಿಯೂನಿಯನ್ ದ್ವೀಪಕ್ಕೆ, ಆಗಿನ ಹೆಸರಲ್ಲಿ ಬುರ್ಬೋಂಗೆ, ಭಾರತದ ಗುತ್ತಿಗೆ ಕೂಲಿಗಳ ಮೊದಲ ತಂಡ 1828ರಲ್ಲಿ ಹೊರಟದ್ದು ಯಾನಂ ಕಡೆಯಿಂದ; ಹೋದವರು ತೆಲುಗರು. ಬ್ರಿಟಿಷ್ ಭಾರತದಿಂದ ಮಾರಿಷಸ್‌ಗೆ ಗಿರ್ಮಿಟ್ ಕೂಲಿಗಳ ದೊಡ್ಡ ಸಾಗಣೆ ಶುರುವಾಗಿದ್ದು 1834ರಲ್ಲಿ. ಅದಕ್ಕೂ ಮೊದಲೇ ಈ ಸಣ್ಣ ಊರು ಆ ದಾರಿ ತೋರಿಸಿತ್ತು.

1839ರ ನವೆಂಬರಿನಲ್ಲಿ ಪಕ್ಕದ ಕೋರಂಗಿಯ ಮೇಲೆ ಚಂಡಮಾರುತ ಬಂತು. ಕೋರಂಗಿ ಆ ಕರಾವಳಿಯ ಹಡಗು ಕಟ್ಟುವ ಊರು; ಬರ್ಮಾಕ್ಕೆ ಹೋದ ತೆಲುಗರನ್ನೆಲ್ಲ ಅಲ್ಲಿನವರು ಕೋರಂಗಿಗಳೆಂದೇ ಕರೆಯುತ್ತಿದ್ದರು. ಕಡಲು ಗೋಡೆಯಂತೆ ಎದ್ದು ಒಳನುಗ್ಗಿ ಊರನ್ನೂ ಹಡಗುಗಳನ್ನೂ ಬಳಿದುಕೊಂಡು ಹೋಯಿತು. ಯಾನಂಗೂ ಪೆಟ್ಟು ಬಿತ್ತು. ಸತ್ತವರು ಮೂರು ಲಕ್ಷ ಎಂಬ ಅಂಕಿ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆ. ಆ ಕಾಲದ ಆ ತೀರದಲ್ಲಿ ಅಷ್ಟು ಜನ ಇದ್ದರೇ ಎಂದು ಕೇಳುವ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಕಲ್ಕತ್ತೆಯ ಹೆನ್ರಿ ಪಿಡಿಂಗ್‌ಟನ್ ಅಧ್ಯಯನ ಮಾಡಿದ ಬಿರುಗಾಳಿಗಳಲ್ಲಿ ಇದೂ ಒಂದು. ಸೈಕ್ಲೋನ್ ಎಂಬ ಹೆಸರು ಕೊಟ್ಟವನು ಅವನೇ. ಗಾಳಿ ಮುಗಿಸದ್ದನ್ನು ಹೂಳು ಮುಗಿಸಿತು. ಗೋದಾವರಿ ತಂದು ಸುರಿದ ಮಣ್ಣಿನಿಂದ ಕೋರಂಗಿಗೆ ಹಡಗು ಬರುವುದು ನಿಂತು, ವ್ಯಾಪಾರವೆಲ್ಲ ಕಾಕಿನಾಡಕ್ಕೆ ಸರಿಯಿತು.

ಮುಂದಿನ ನೂರು ವರ್ಷ ಯಾನಂ ದೊಡ್ಡ ಸುದ್ದಿ ಮಾಡಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಸೇಂಟ್ ಆನ್ಸ್ ಚರ್ಚು ಎದ್ದಿತು, 1880ರಲ್ಲಿ ಚುನಾಯಿತ ಪುರಸಭೆ ಬಂತು, ಮೇಯರ್ ಬಂದ. 1881ರ ಒಂದು ಫ್ರೆಂಚ್ ಆದೇಶದಂತೆ ಜಾತಿಧರ್ಮಗಳ ವೈಯಕ್ತಿಕ ಕಾನೂನನ್ನು ತ್ಯಜಿಸುತ್ತೇನೆಂದು ಬರೆದುಕೊಟ್ಟವರು ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಬಹುದಿತ್ತು. ತೆಲುಗಿನ ಹೆಸರುಗಳು ಕಚೇರಿಯ ದಫ್ತರಿನಲ್ಲಿ ಫ್ರೆಂಚ್ ಕಾಗುಣಿತ ತೊಟ್ಟು, ಗುರುತು ಸಿಗದಷ್ಟು ಉದ್ದವಾದವು. ಮಂಗಳವಾರದ ಸಂತೆಗೆ ಸುತ್ತಲ ಬ್ರಿಟಿಷ್ ಹಳ್ಳಿಗಳಿಂದ ಜನ ನೆರೆಯುತ್ತಿದ್ದರು. ಸುಂಕ ಕಟ್ಟದ ವಿದೇಶಿ ಸಾಮಾನು ಸಿಗುತ್ತಿದ್ದುದು ಅಲ್ಲೇ.

ಆಮೇಲೆ ಬಂತು ಶಾರದಾ ಕಾಯ್ದೆ. ಹರಬಿಲಾಸ್ ಶಾರದಾ ಮಂಡಿಸಿದ ಬಾಲ್ಯವಿವಾಹ ತಡೆ ಕಾಯ್ದೆ 1930ರ ಏಪ್ರಿಲ್ 1ರಿಂದ ಜಾರಿಗೆ ಬರುವುದಿತ್ತು: ಹುಡುಗಿಗೆ 14, ಹುಡುಗನಿಗೆ 18 ತುಂಬದೆ ಮದುವೆ ಮಾಡಿದರೆ ಶಿಕ್ಷೆ. ಋತುಮತಿಯಾಗುವ ಮೊದಲೇ ಧಾರೆಯೆರೆದು ಕೊಡದಿದ್ದರೆ ಪಾಪ ಎಂದು ನಂಬಿದ್ದ ಮನೆಗಳಲ್ಲಿ ತಲ್ಲಣ ಎದ್ದಿತು. ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಲ್ಲಿ ಕರ್ನಾಟಕದ ಊರುಗಳಲ್ಲೂ ಆ ಗಡುವಿನೊಳಗೆ ಗಡಿಬಿಡಿಯಲ್ಲಿ ಮುಗಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಗೋದಾವರಿ ಜಿಲ್ಲೆಯವರಿಗೆ ಅಷ್ಟು ಗಾಬರಿ ಬೇಕಿರಲಿಲ್ಲ. ಯಾನಂನ ಗಡಿ ದಾಟಿದರೆ ಅದು ಫ್ರೆಂಚ್ ನೆಲ, ಬ್ರಿಟಿಷ್ ಭಾರತದ ಕಾಯ್ದೆ ಅಲ್ಲಿಗೆ ಬಾರದು. ಲಗ್ನದ ತಿಂಗಳು ಬಂತೆಂದರೆ ಎರಡೂ ಕಡೆಯ ಬೀಗರು, ಪುರೋಹಿತರು, ಓಲಗದವರು, ಅಡುಗೆಯವರು, ತೊಡೆಯ ಮೇಲೆ ಕೂರಿಸಿಕೊಳ್ಳುವ ವಯಸ್ಸಿನ ವಧು, ಎಲ್ಲರೂ ಯಾನಂಗೆ ಬಂದಿಳಿಯುತ್ತಿದ್ದರು. ತಾಳಿ ಕಟ್ಟಿಸಿ, ಊಟ ಮುಗಿಸಿ, ಮತ್ತೆ ಬ್ರಿಟಿಷ್ ಭಾರತಕ್ಕೆ. ಊರಿಗೆ ಕಲ್ಯಾಣಪುರಂ ಎಂದೇ ಹೆಸರು ಬಿತ್ತು. ಹೊರಗೆ ಹೋಗಿ ಮದುವೆ ಮಾಡಿದರೂ ಬ್ರಿಟಿಷ್ ಪ್ರಜೆಗಳಿಗೆ ಕಾಯ್ದೆ ಅನ್ವಯ ಎಂದು ಸರ್ಕಾರ 1938ರಲ್ಲಿ ತಿದ್ದುಪಡಿ ತರಬೇಕಾಯಿತು.

ಇದೇ ನದಿಯ ಮೇಲುಗಡೆ, ರಾಜಮಹೇಂದ್ರಿಯಲ್ಲಿ, ಕಂದುಕೂರಿ ವೀರೇಶಲಿಂಗಂ 1881ರ ಡಿಸೆಂಬರಿನಲ್ಲಿ ಬೈಗುಳ ಬಹಿಷ್ಕಾರಗಳ ನಡುವೆ ಮೊದಲ ವಿಧವಾ ವಿವಾಹ ಮಾಡಿಸಿದ್ದರು. ಮುದುಕರಿಗೆ ಎಳೆ ಹುಡುಗಿಯರನ್ನು ಮಾರುವ ಕ್ರೌರ್ಯವನ್ನು ಗುರಜಾಡ ಅಪ್ಪಾರಾವ್ ವಿಜಯನಗರಂನಲ್ಲಿ ಕೂತು ನಾಟಕ ಬರೆದು ಬಯಲಿಗೆಳೆದಿದ್ದರು. ಅದೆಲ್ಲ ಆಗಿ ದಶಕಗಳ ಮೇಲೆ, ಸ್ವಾತಂತ್ರ್ಯ ಸಮಾನತೆಗಳ ಹೆಸರು ಹೇಳುವ ಗಣರಾಜ್ಯದ ಬಾವುಟದ ಕೆಳಗೆ ಬಾಲ್ಯವಿವಾಹಗಳು ನಿರಾತಂಕವಾಗಿ ನಡೆದವು. ವಸಾಹತುವಿನ ಜನರ ಧರ್ಮಾಚಾರದಲ್ಲಿ ಕೈಹಾಕುವುದಿಲ್ಲ ಎನ್ನುವುದು ಫ್ರೆಂಚರ ನೀತಿ. ಆ ನೀತಿಯ ಬೆಲೆ ಯಾರು ತೆತ್ತರು ಎಂಬುದನ್ನು ಯಾನಂನ ಚರಿತ್ರೆ ಬರೆದವರು ಒಂದು ಸ್ವಾರಸ್ಯದ ಸಂಗತಿ ಎಂಬಂತೆ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ.

1947ರಲ್ಲಿ ಬ್ರಿಟಿಷರು ಹೋದರು, ಫ್ರೆಂಚರು ಉಳಿದರು. ಅಕ್ಟೋಬರಿನಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಅಲ್ಲಲ್ಲಿ ಚದುರಿದ್ದ ಕೋಠಿಯ ತುಣುಕು ನೆಲಗಳನ್ನು ಮಾತ್ರ. ಮಚಲಿಪಟ್ಟಣದ ಫ್ರೆಂಚ್‌ಪೇಟೆ ಭಾರತಕ್ಕೆ ಸೇರಿದ್ದು ಹಾಗೆ. ಉಳಿದ ಊರುಗಳಲ್ಲಿ ಜನಮತ ಎಂದು 1948ರಲ್ಲಿ ಒಪ್ಪಂದವಾಯಿತು. ಮರುವರ್ಷ ಬಂಗಾಳದ ಫ್ರೆಂಚ್ ಊರು ಚಂದ್ರನಗರ ಭಾರತದ ಪರ ಮತ ಹಾಕಿದ್ದನ್ನು ಕಂಡ ಮೇಲೆ ಬೇರೆ ಕಡೆ ಜನಮತದ ಮಾತು ಎಳೆದಾಡುತ್ತ ಹೋಯಿತು. ಭಾರತ ಸುಂಕದ ಕಟ್ಟೆಗಳನ್ನು ಬಿಗಿ ಮಾಡಿತು. ಎರಡು ಶತಮಾನ ಊರನ್ನು ಸಾಕಿದ ಗಡಿಯೇ ಈಗ ಕೊರಳಿಗೆ ಉರುಳಾಯಿತು. ಪಡಿತರ, ಸೀಮೆಎಣ್ಣೆ, ಓಡಾಟ, ಎಲ್ಲದಕ್ಕೂ ಅಡ್ಡಿ.

ಯಾನಂನ ಫರಂಪೇಟೆಯ ದಡಾಲ ರಾಫೆಲ್ ರಮಣಯ್ಯ ಪುದುಚೇರಿಯಲ್ಲಿ ಫ್ರೆಂಚ್ ಪೊಲೀಸ್ ಅಧಿಕಾರಿಯಾಗಿದ್ದು ಆಮೇಲೆ ಫ್ರೆಂಚರ ವಿರುದ್ಧ ತಿರುಗಿಬಿದ್ದವರು. 1954ರ ಮಾರ್ಚ್ ಕೊನೆಗೆ ಪುದುಚೇರಿ ಪಕ್ಕದ ನೆಟ್ಟಪಾಕ್ಕಂ ಅನ್ನು ಚಳವಳಿಗಾರರು ವಶಪಡಿಸಿಕೊಂಡಾಗ ಅವರು ಮುಂಚೂಣಿಯಲ್ಲಿದ್ದರು. ಜೂನ್ ಹೊತ್ತಿಗೆ ಸ್ವಂತ ಊರಿನ ಕಡೆ ಬಂದರು. ಮೇಯರ್ ಮದ್ದಿಂಸೆಟ್ಟಿ ಸತ್ಯಾನಂದಂ, ಕನಕಾಲ ತಾತಯ್ಯ ಮೊದಲಾದವರು ಅದಕ್ಕೆ ಮೊದಲೇ ವಿಲೀನದ ಪರ ನಿಂತು ಗಡಿಯಾಚೆ ಬಂದಿದ್ದರು. ಜೂನ್ 13ರಂದು ಸ್ವಯಂಸೇವಕರ ದಂಡು ತ್ರಿವರ್ಣ ಧ್ವಜ ಹಿಡಿದು ಊರೊಳಗೆ ನಡೆಯಿತು. ಪೊಲೀಸರು ಗುಂಡು ಹಾರಿಸಿದರು, ಘರ್ಷಣೆಯಾಯಿತು, ರಕ್ತ ಹರಿಯಿತು. ಆಡಳಿತಾಧಿಕಾರಿ ಶರಣಾದ. ಸಂಜೆಯ ಹೊತ್ತಿಗೆ ಆಡಳಿತ ವಿಲೀನವಾದಿಗಳ ಕೈಯಲ್ಲಿತ್ತು. ಸತ್ಯಾನಂದಂ ಹೊಣೆ ಹೊತ್ತರು.

ಈ ದಿನವನ್ನು ಹೇಗೆ ಕರೆಯಬೇಕೆಂಬುದರಲ್ಲಿ ಒಮ್ಮತವಿಲ್ಲ. ಭಾರತದ ಬರಹಗಳಲ್ಲಿ ಅದು ವಿಮೋಚನೆ, ರಮಣಯ್ಯನವರ ಆತ್ಮಕಥೆಯಲ್ಲಿ ಹೋರಾಟದ ಶಿಖರ. ಫ್ರೆಂಚ್ ಬರಹಗಳಲ್ಲಿ ಬಲಪ್ರಯೋಗದ ಕ್ಷಿಪ್ರಕ್ರಾಂತಿ. ಬಂದವರಲ್ಲಿ ಊರಿನವರೆಷ್ಟು, ಗಡಿಯಾಚೆಯ ಆಂಧ್ರದವರೆಷ್ಟು, ಭಾರತ ಸರ್ಕಾರ ಎಷ್ಟರ ಮಟ್ಟಿಗೆ ಕಣ್ಣು ಮುಚ್ಚಿಕೊಂಡಿತ್ತು ಎಂಬ ಪ್ರಶ್ನೆಗಳು ಉಳಿದೇ ಇವೆ. ಎರಡೂ ಮಾತಿನಲ್ಲಿ ಸತ್ಯವಿದೆ. ಪ್ಯಾರಿಸ್, ವರ್ಸೇಲ್ಸ್, ಅಮಿಯಾಂಗಳಲ್ಲಿ ಬಾವುಟ ಬದಲಾಗುತ್ತಿದ್ದ ಊರಿನ ನೆಲದ ಮೇಲೆಯೇ ಬಾವುಟ ಬದಲಾದದ್ದು ಅಂದು. ಅದಾಗಲು ಕಾರಣ ಆ ಬೇಸಿಗೆಯಲ್ಲಿ ಇಂಡೋಚೀನಾದ ದಿಯೆನ್ ಬಿಯೆನ್ ಫುವಿನಲ್ಲಿ ಸೋತಿದ್ದ ಫ್ರಾನ್ಸಿಗೆ ಇನ್ನೊಂದು ಜಗಳದ ತ್ರಾಣ ಇರಲಿಲ್ಲವೆಂಬುದೂ ಹೌದು.

ಅಕ್ಟೋಬರ್ 18ರಂದು ಪುದುಚೇರಿ ಬಳಿಯ ಕೀಳೂರಿನಲ್ಲಿ ಸೇರಿದ 178 ಜನಪ್ರತಿನಿಧಿಗಳಲ್ಲಿ 170 ಮಂದಿ ವಿಲೀನಕ್ಕೆ ಮತ ಹಾಕಿದರು. ನವೆಂಬರ್ 1ರಂದು ಉಳಿದಿದ್ದ ನಾಲ್ಕೂ ಫ್ರೆಂಚ್ ಊರುಗಳ ಆಡಳಿತ ಭಾರತಕ್ಕೆ ಬಂತು. 1956ರ ಮೇ 28ರಂದು ಹಸ್ತಾಂತರದ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಜೀರಿಯಾದ ಯುದ್ಧ ಮುಗಿಯುವವರೆಗೆ ಫ್ರೆಂಚ್ ಸಂಸತ್ತು ಅದನ್ನು ಮುಟ್ಟಲಿಲ್ಲ. ಕಾನೂನಿನ ಪ್ರಕಾರ ಯಾನಂ ಭಾರತದ್ದಾದದ್ದು 1962ರ ಆಗಸ್ಟ್ 16ರಂದು. ಒಪ್ಪಂದದಲ್ಲಿ ಒಂದು ವಾಕ್ಯ ಉಳಿದುಕೊಂಡಿತು: ಈ ಊರುಗಳ ಸ್ಥಾನಮಾನ ಬದಲಿಸುವುದಾದರೆ ಅಲ್ಲಿನ ಜನರ ಇಚ್ಛೆ ತಿಳಿದುಕೊಂಡು ಬದಲಿಸಬೇಕು.

ಆ ವಾಕ್ಯದ ತೂಕ ಕನ್ನಡಿಗರಿಗೆ ಬೇಗ ಅರ್ಥವಾದೀತು. 1956ರ ನವೆಂಬರ್ 1ರಂದು ಭಾಷೆಯ ಮೇಲೆ ಗೆರೆ ಎಳೆದಾಗ ಕಾಸರಗೋಡು ನಮ್ಮ ಕೈತಪ್ಪಿತು. ಸೇರಬೇಕೆಂದು ಕೇಳಿದ ಜನ ಇಂದಿಗೂ ಕೇಳುತ್ತಿದ್ದಾರೆ. ಅದೇ ದಿನ ತೆಲುಗರೆಲ್ಲ ಒಂದಾಗಿ ಆಂಧ್ರಪ್ರದೇಶವಾದಾಗ ಅಚ್ಚ ತೆಲುಗಿನ ಯಾನಂ ಹೊರಗುಳಿಯಿತು. ಅದಕ್ಕೆ ಅದರ ಬೇಸರವೂ ಇದ್ದಂತಿಲ್ಲ. 1979ರಲ್ಲಿ ಪುದುಚೇರಿಯನ್ನು ತಮಿಳುನಾಡಿಗೆ ಸೇರಿಸುವ ಮಾತೆತ್ತಿದ ಮೊರಾರ್ಜಿ ದೇಸಾಯಿ, ಅಲ್ಲಿ ಎದ್ದ ಗಲಾಟೆ ನೋಡಿ ಸುಮ್ಮನಾಗಬೇಕಾಯಿತು. ಬೇರೆಯಾಗಿರುವುದರಲ್ಲಿ ಲಾಭವಿದೆ: ಸಣ್ಣ ಜನಸಂಖ್ಯೆಗೆ ತಮ್ಮದೇ ಒಬ್ಬ ಶಾಸಕ, ಕೇಂದ್ರಾಡಳಿತ ಪ್ರದೇಶದ ಅನುದಾನ, ಪಕ್ಕದ ರಾಜ್ಯಕ್ಕಿಂತ ಅಗ್ಗದ ಮದ್ಯ. ಮಂಗಳವಾರದ ಸಂತೆಗೆ ಬರುತ್ತಿದ್ದವರ ಮೊಮ್ಮಕ್ಕಳು ಈಗ ಕಾಕಿನಾಡ, ಅಮಲಾಪುರಗಳಿಂದ ಬೈಕಿನಲ್ಲಿ ಬರುತ್ತಾರೆ. ಹಿಂದೆ ದೋಣಿಯಲ್ಲಿ ದಾಟುತ್ತಿದ್ದ ಗೌತಮಿಗೆ ಈಗ ಲೋಕಸಭೆಯ ಸ್ಪೀಕರ್ ಆಗಿದ್ದ ಬಾಲಯೋಗಿಯವರ ಹೆಸರಿನ ಸೇತುವೆ ಇದೆ.

ಬೇರೆಯಾಗಿರುವುದಕ್ಕೆ ತಾಪತ್ರಯಗಳೂ ಇವೆ. ಆಂಧ್ರದ ಹೈಕೋರ್ಟು 2019ರಿಂದ ವಿಜಯವಾಡದ ಪಕ್ಕದ ಅಮರಾವತಿಯಲ್ಲಿದೆ. ಯಾನಂ ಮಾತ್ರ ಪುದುಚೇರಿಯ ಭಾಗವಾಗಿ ಮದ್ರಾಸ್ ಹೈಕೋರ್ಟಿನ ವ್ಯಾಪ್ತಿಗೆ ಸೇರುತ್ತದೆ. ಜಮೀನಿನ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋದರೆ ಊರಿನ ಕಕ್ಷಿದಾರ ತೆಲುಗು ಕಾಗದಪತ್ರಗಳ ಗಂಟು ಹಿಡಿದು ಕಾಕಿನಾಡದಲ್ಲೋ ಸಾಮರ್ಲಕೋಟೆಯಲ್ಲೋ ರೈಲು ಹತ್ತಿ, ವಿಜಯವಾಡ ದಾಟಿ, ಚೆನ್ನೈಯಲ್ಲಿ ಇಳಿಯಬೇಕು.